ಹತ್ತು ರುಜುಗಳ ಬೆಲೆ

ಘಟಪ್ರಭಾ ನದಿಯ ದಂಡೆಯ ಮೇಲಿರುವ ಗೋಕಾಕ, ಅದರ ಮಗ್ಗುಲಿನ ಮೂಡಲಗಿ, ಹಿಡಕಲ್ ಜಲಾಶಯವನ್ನು ಮಡಿಲಲ್ಲಿ ಇಟ್ಟುಕೊಂಡಿರುವ ಹುಕ್ಕೇರಿ, ಇವು ಬೆಳಗಾವಿ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಚುನಾವಣೆಯ ದಿನ ಈ ಊರುಗಳ ಶಾಲೆಗಳೆಲ್ಲ ಮತಗಟ್ಟೆಗಳಾಗಿ ಮಾರ್ಪಡುತ್ತವೆ. ಹೊಲದ ಕೆಲಸವನ್ನು ಬದಿಗಿಟ್ಟು ಬಂದ ರೈತರು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು, ಕೋಲೂರಿಕೊಂಡು ಬಂದ ಮುದುಕರು ಸಾಲಾಗಿ ನಿಲ್ಲುತ್ತಾರೆ. ಒಳಗೆ ಮತಯಂತ್ರದ ಮೇಲೆ ಉಮೇದುವಾರರ ಹೆಸರು, ಭಾವಚಿತ್ರ, ಚಿಹ್ನೆ ಇವುಗಳ ಪಟ್ಟಿಯಿರುತ್ತದೆ. ಮೊದಲ ನಾಲ್ಕಾರು ಚಿಹ್ನೆಗಳು ಎಲ್ಲರಿಗೂ ಪರಿಚಿತವಾದವು. ಪಟ್ಟಿಯ ಕೆಳಭಾಗದಲ್ಲಿ ಮಾತ್ರ ಎಂದೂ ಕೇಳದ ಹೆಸರುಗಳು, ಗೋಡೆಗಳ ಮೇಲೆ ಎಂದೂ ಕಾಣದ ಚಿಹ್ನೆಗಳು ಇರುತ್ತವೆ. ಅವರೇ ಪಕ್ಷೇತರರು. ಬಹುಮಂದಿ ಮತದಾರರ ಕಣ್ಣು ಆ ಹೆಸರುಗಳ ಮೇಲೆ ಕ್ಷಣಕಾಲವೂ ನಿಲ್ಲುವುದಿಲ್ಲ. ಆದರೆ ಪಕ್ಷದ ಬೆಂಬಲವಿಲ್ಲದ ಒಬ್ಬ ಸಾಮಾನ್ಯನ ಹೆಸರು ಆ ಪಟ್ಟಿಯನ್ನು ಸೇರುವುದಕ್ಕೆ ಎಷ್ಟು ಮೆಟ್ಟಿಲುಗಳನ್ನು ಹತ್ತಬೇಕಾಯಿತು ಎಂಬುದು ತಿಳಿದುಕೊಳ್ಳಬೇಕಾದ ಸಂಗತಿ.

ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇರಲಿಲ್ಲ. ಮತದಾರನೂ ಅವನು ಆರಿಸುವ ಪ್ರತಿನಿಧಿಯೂ ಅದಕ್ಕೆ ಮುಖ್ಯರಾಗಿದ್ದರು. ಪಕ್ಷಾಂತರವನ್ನು ತಡೆಯಲು 1985ರಲ್ಲಿ ಹತ್ತನೆಯ ಅನುಸೂಚಿಯನ್ನು ಸೇರಿಸಿದಾಗಲೇ ಪಕ್ಷಗಳಿಗೆ ಅಲ್ಲಿ ಸ್ಥಾನ ದೊರೆಯಿತು. ಆದುದರಿಂದ ಪಕ್ಷೇತರನು ಈ ವ್ಯವಸ್ಥೆಯೊಳಗೆ ನುಸುಳಿ ಬಂದ ಪರಕೀಯನಲ್ಲ. ಮೊದಲಿನಿಂದಲೂ ಇದ್ದ ಮನೆಯ ಮಗನೇ. 1952ರ ಮೊದಲ ಲೋಕಸಭೆಗೆ 37 ಮಂದಿ ಪಕ್ಷೇತರರು ಆರಿಸಿಬಂದರು. 1957ರಲ್ಲಿ 42 ಮಂದಿ ಬಂದರು. ಬರಬರುತ್ತಾ ಪಕ್ಷಗಳು ಬಲಿತವು, ಈ ಸಂಖ್ಯೆಯು ಕುಗ್ಗಿತು. 2019ರಲ್ಲಿ ಇಡೀ ದೇಶದಲ್ಲಿ ಗೆದ್ದ ಪಕ್ಷೇತರರು ನಾಲ್ವರೇ. ಅವರಲ್ಲಿ ಒಬ್ಬರು ಕರ್ನಾಟಕದ ಮಂಡ್ಯ ಕ್ಷೇತ್ರದಿಂದ ಗೆದ್ದ ಸುಮಲತಾ ಅಂಬರೀಷ್.

ಮೂಡಲಗಿಯ ಒಬ್ಬ ರೈತನು ವಿಧಾನಸಭೆಗೆ ಪಕ್ಷೇತರನಾಗಿ ನಿಲ್ಲಲು ಮನಸ್ಸು ಮಾಡಿದನೆಂದು ಭಾವಿಸಬಹುದು. ಮೂಡಲಗಿಯು ಅರಭಾವಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಆ ರೈತನಿಗೆ 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಇರಬೇಕು. ಅಧಿಸೂಚನೆ ಹೊರಟ ಏಳನೆಯ ದಿನವು ನಾಮಪತ್ರ ಸಲ್ಲಿಸುವುದಕ್ಕೆ ಕೊನೆಯ ದಿನ. ಅದರೊಳಗೆ ಬೆಳಗಿನ 11 ಗಂಟೆಯಿಂದ ಮಧ್ಯಾಹ್ನದ 3 ಗಂಟೆಯವರೆಗಿನ ಅವಧಿಯಲ್ಲಿ ಅವನು ಚುನಾವಣಾಧಿಕಾರಿಯ ಕಚೇರಿಗೆ ಬಂದು ನಾಮಪತ್ರವನ್ನು ಒಪ್ಪಿಸಬೇಕು. ಅವನು ಬಾರದಿದ್ದರೆ ಸೂಚಕರಲ್ಲಿ ಒಬ್ಬರು ಒಪ್ಪಿಸಬಹುದು.

ಈ ಸೂಚಕರೇ ಇಡೀ ವಿಧಾನದ ತಿರುಳು. ಮನ್ನಣೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕನು ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಆ ಹತ್ತು ಮಂದಿಯೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಹುಕ್ಕೇರಿಯಲ್ಲಿರುವ ಸೋದರಮಾವನು ಎಷ್ಟೇ ಅಕ್ಕರೆಯಿಂದ ಮುಂದೆ ಬಂದರೂ ಅರಭಾವಿ ಕ್ಷೇತ್ರದ ನಾಮಪತ್ರಕ್ಕೆ ಅವನ ರುಜು ಸಲ್ಲದು. ಲೋಕಸಭೆಯ ಚುನಾವಣೆಯಲ್ಲಿಯೂ ಕಟ್ಟಳೆ ಇದೇ. ಗೋಕಾಕ ಮತ್ತು ಮೂಡಲಗಿಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಹುಕ್ಕೇರಿಯು ಚಿಕ್ಕೋಡಿ ಕ್ಷೇತ್ರದಲ್ಲಿದೆ. ಹುಕ್ಕೇರಿಯ ಒಬ್ಬನು ಬೆಳಗಾವಿ ಕ್ಷೇತ್ರದಿಂದ ಲೋಕಸಭೆಗೆ ನಿಲ್ಲಬಹುದು. ದೇಶದ ಯಾವ ಮೂಲೆಯ ಮತದಾರನಾದರೂ ನಿಲ್ಲಬಹುದು. ಆದರೆ ಅವನನ್ನು ಸೂಚಿಸುವ ಹತ್ತು ಮಂದಿ ಆ ಕ್ಷೇತ್ರದವರೇ ಆಗಬೇಕು. ಉಮೇದುವಾರನು ಎಲ್ಲಿಂದಲಾದರೂ ಬರಲಿ, ಅವನ ಮೇಲಿನ ನಂಬಿಕೆಯು ಮಾತ್ರ ಆ ನೆಲದಲ್ಲಿಯೇ ಹುಟ್ಟಿರಬೇಕೆಂಬುದು ಕಾಯಿದೆಯ ಆಶಯ. ಅಕ್ಷರ ಬಾರದವನು ಅಧಿಕಾರಿಯ ಎದುರಿನಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿದರೂ ಸಾಕು. ಅದು ಪಂಡಿತನ ರುಜುವಿಗೆ ಸಮಾನ. ಹತ್ತು ಮಂದಿಯಲ್ಲಿ ಒಬ್ಬನ ಹೆಸರು ಆ ಕ್ಷೇತ್ರದ ಪಟ್ಟಿಯಲ್ಲಿ ಇಲ್ಲವೆಂದು ಕಂಡುಬಂದರೆ ನಾಮಪತ್ರವು ಉಳಿಯದು.

ರುಜುಗಳ ಜೊತೆಗೆ ಠೇವಣಿಯನ್ನೂ ಕಟ್ಟಬೇಕು. ಈಗ ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಇದರ ಅರ್ಧವನ್ನು ಕಟ್ಟಿದರೆ ಸಾಕು. ಸೋತವನಿಗೆ ಈ ಹಣವು ಮರಳಿ ದೊರೆಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಅವನಿಗೆ ಬಂದಿರಬೇಕು. 1,80,000 ಮತಗಳು ಚಲಾವಣೆಯಾಗಿದ್ದರೆ 30,000ಕ್ಕಿಂತ ಹೆಚ್ಚು ಬೀಳಬೇಕು. ಬೀಳದಿದ್ದರೆ ಹಣವು ಸರ್ಕಾರದ ಬೊಕ್ಕಸವನ್ನು ಸೇರುತ್ತದೆ. 'ಠೇವಣಿ ಕಳೆದುಕೊಂಡ' ಎಂಬ ಮಾತು ಹುಟ್ಟಿದ್ದು ಹೀಗೆ.

ಇವುಗಳೊಂದಿಗೆ ಒಂದು ಪ್ರಮಾಣಪತ್ರವೂ ಇರಬೇಕು. ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಅಪರಾಧ ಮೊಕದ್ದಮೆಗಳು ಇವೆಲ್ಲವನ್ನೂ ಉಮೇದುವಾರನು ಅದರಲ್ಲಿ ಬರೆದು ತಿಳಿಸಬೇಕು. ಸರ್ವೋಚ್ಚ ನ್ಯಾಯಾಲಯವು 2002 ಮತ್ತು 2003ರಲ್ಲಿ ನೀಡಿದ ತೀರ್ಪುಗಳಿಂದ ಬಂದ ನಿಯಮವಿದು. ಸಂವಿಧಾನಕ್ಕೆ ನಿಷ್ಠೆಯಿಂದ ಇರುವೆನೆಂಬ ಪ್ರತಿಜ್ಞೆಯನ್ನೂ ಅವನು ಸ್ವೀಕರಿಸಬೇಕು. ಮರುದಿನ ನಾಮಪತ್ರಗಳ ಪರಿಶೀಲನೆ ನಡೆಯುತ್ತದೆ. ಮಹತ್ತ್ವವಲ್ಲದ ಸಣ್ಣಪುಟ್ಟ ತಪ್ಪಿಗಾಗಿ ನಾಮಪತ್ರವನ್ನು ತಿರಸ್ಕರಿಸಬಾರದೆಂದು ಕಾಯಿದೆಯು ಅಧಿಕಾರಿಯ ಕೈಯನ್ನು ಕಟ್ಟಿದೆ. ಕಣದಿಂದ ಹಿಂದೆ ಸರಿಯಲು ಇನ್ನೆರಡು ದಿನಗಳ ಅವಕಾಶ ಉಂಟು. ಆ ಬಳಿಕ ಉಳಿದವರ ಹೆಸರುಗಳನ್ನು ಮೂರು ಗುಂಪುಗಳಾಗಿ ಜೋಡಿಸುತ್ತಾರೆ: ಮೊದಲು ಮನ್ನಣೆ ಪಡೆದ ಪಕ್ಷಗಳವರು, ಅನಂತರ ನೋಂದಣಿ ಮಾತ್ರ ಆಗಿರುವ ಪಕ್ಷಗಳವರು, ಕೊನೆಯಲ್ಲಿ ಪಕ್ಷೇತರರು. ಪ್ರತಿ ಗುಂಪಿನಲ್ಲಿಯೂ ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿರುತ್ತವೆ. ಯಾವ ಪಕ್ಷಕ್ಕೂ ಮೀಸಲಾಗದ ಮುಕ್ತ ಚಿಹ್ನೆಗಳಲ್ಲಿ ಒಂದು ಪಕ್ಷೇತರನಿಗೆ ದೊರೆಯುತ್ತದೆ. ಇಷ್ಟಾದ ಮೇಲೆ ಮೂಡಲಗಿಯ ರೈತನ ಹೆಸರು ಮತದಾರನ ಎದುರಿಗೆ ಬಂದು ನಿಲ್ಲುತ್ತದೆ.

ಈ ನಿಯಮಗಳೆಲ್ಲ ಮೊದಲಿನಿಂದ ಇದ್ದವಲ್ಲ. ಪಕ್ಷೇತರನಿಗೂ ಒಂದು ಕಾಲದಲ್ಲಿ ಒಬ್ಬ ಸೂಚಕನೇ ಸಾಕಾಗಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಲೋಕಸಭೆಗೆ ಗೊತ್ತುಮಾಡಿದ ಠೇವಣಿಯು 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ. ಆ ಕಾಲಕ್ಕೆ ಅದು ಭಾರವಾದ ಮೊತ್ತ. ನಾಲ್ವತ್ತೈದು ವರ್ಷಗಳವರೆಗೆ ಅದು ಹಾಗೆಯೇ ಉಳಿಯಿತು. ಅಷ್ಟರಲ್ಲಿ ರೂಪಾಯಿಯ ಬೆಲೆ ಕರಗಿತು, ಬಾಗಿಲು ತಾನಾಗಿಯೇ ಅಗಲವಾಯಿತು.

1996ರಲ್ಲಿ ಇದರ ಪರಿಣಾಮವು ಬೆಳಗಾವಿಯಲ್ಲಿಯೇ ಕಾಣಿಸಿಕೊಂಡಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲಿಯೇ 456 ಮಂದಿ ಕಣದಲ್ಲಿ ಉಳಿದರು. ಗಡಿವಿವಾದದ ಕಡೆಗೆ ದೇಶದ ಲಕ್ಷ್ಯವನ್ನು ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯು ಹಿಡಿದ ಹಾದಿ ಅದು. ಅದೇ ವರ್ಷ ಆಂಧ್ರಪ್ರದೇಶದ ನಲ್ಗೊಂಡದಲ್ಲಿ ನೀರಿನ ಬವಣೆಯನ್ನು ಮುಂದಿಟ್ಟುಕೊಂಡು 480 ಮಂದಿ ನಿಂತರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರ ಪ್ರತಿಭಟನೆಯಿಂದ ಉಮೇದುವಾರರ ಸಂಖ್ಯೆಯು 1,033ಕ್ಕೆ ಏರಿತು. ಅಲ್ಲಿ ಮತಪತ್ರವನ್ನು ಪುಸ್ತಕದ ರೂಪದಲ್ಲಿ ಮುದ್ರಿಸಬೇಕಾಯಿತು. ದೇಶದಲ್ಲಿ ಆ ಸಲ ಲೋಕಸಭೆಗೆ ನಿಂತವರು ಒಟ್ಟು 13,952 ಮಂದಿ. ಅವರಲ್ಲಿ ಪಕ್ಷೇತರರು 10,635. ಗೆದ್ದವರು ಒಂಬತ್ತೇ ಮಂದಿ.

ಈ ಗುಂಪಿನಲ್ಲಿ ಬಹುಮಂದಿ ಗೆಲ್ಲಲು ನಿಂತವರಲ್ಲ. ತಮ್ಮ ಅಳಲನ್ನು ಕೇಳುವವರಿಲ್ಲವೆಂದು ಅವರು ಮತಪತ್ರವನ್ನೇ ಅರ್ಜಿಯನ್ನಾಗಿ ಮಾಡಿಕೊಂಡಿದ್ದರು. ಅವರ ಅಳಲು ನಿಜವಾದುದಾಗಿರಬಹುದು. ಆದರೆ ನಾಲ್ಕುನೂರಕ್ಕೂ ಮೀರಿದ ಹೆಸರುಗಳ ನಡುವೆ ತನಗೆ ಬೇಕಾದ ಒಂದು ಹೆಸರನ್ನು ಹುಡುಕಬೇಕಾದ ಮುದುಕಿಯ ಕಷ್ಟವೂ ನಿಜವಾದುದೇ. ನಿಲ್ಲುವವನ ಹಕ್ಕು ಆರಿಸುವವನ ಹಕ್ಕನ್ನು ಮುಚ್ಚಿಹಾಕುವಷ್ಟು ಹಬ್ಬಿದರೆ ಚುನಾವಣೆಯ ಉದ್ದೇಶವೇ ಕೆಡುತ್ತದೆ. ಹಿಡಕಲ್ ಅಣೆಕಟ್ಟಿನ ಬಾಗಿಲುಗಳ ವಿಷಯವನ್ನು ಈ ನಾಡಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಎಲ್ಲವನ್ನೂ ಮುಚ್ಚಿದರೆ ಕಾಲುವೆ ಒಣಗುತ್ತದೆ. ಎಲ್ಲವನ್ನೂ ಒಮ್ಮೆಲೇ ತೆರೆದರೆ ಬೆಳೆ ಕೊಚ್ಚಿಹೋಗುತ್ತದೆ. ಎಷ್ಟು ತೆರೆಯಬೇಕೆಂಬ ಹದವೇ ಅಲ್ಲಿ ವಿದ್ಯೆ.

ಆ ಹದವನ್ನು ಹುಡುಕಿ ಸಂಸತ್ತು 1996ರಲ್ಲಿಯೇ ಕಾಯಿದೆಯನ್ನು ತಿದ್ದಿತು. ಲೋಕಸಭೆಯ ಠೇವಣಿಯು 10,000 ರೂಪಾಯಿಗೆ, ವಿಧಾನಸಭೆಯದು 5,000 ರೂಪಾಯಿಗೆ ಏರಿತು. ಪಕ್ಷೇತರನಿಗೆ ಹತ್ತು ಸೂಚಕರು ಬೇಕೆಂಬ ನಿಯಮವು ಆಗಲೇ ಬಂತು. ಒಬ್ಬನು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲುವುದನ್ನೂ ತಡೆಯಲಾಯಿತು. 1998ರ ಚುನಾವಣೆಯಲ್ಲಿ ಉಮೇದುವಾರರ ಸಂಖ್ಯೆಯು 4,750ಕ್ಕೆ ಇಳಿಯಿತು. ಈಗಿನ ಠೇವಣಿಯು 2010ರಲ್ಲಿ ಜಾರಿಗೆ ಬಂದುದು. ಹೀಗಿದ್ದರೂ 2019ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ 57 ಮಂದಿ ಇದ್ದರು. ಒಂದು ಮತಯಂತ್ರದಲ್ಲಿ 16 ಹೆಸರುಗಳಿಗೆ ಮಾತ್ರ ಸ್ಥಳವಿರುವುದರಿಂದ ಗೋಕಾಕ, ಮೂಡಲಗಿಗಳ ಮತಗಟ್ಟೆಗಳಲ್ಲಿಯೂ ನಾಲ್ಕು ಯಂತ್ರಗಳನ್ನು ಸಾಲಾಗಿ ಇಡಬೇಕಾಗಿತ್ತು. ಅದೇ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಅರಿಸಿನ ಬೆಳೆಗೆ ಬೆಲೆ ಕಾಣದೆ ನೊಂದ ರೈತರು. ಹಟ ತೊಟ್ಟ ಗುಂಪನ್ನು ಠೇವಣಿಯೊಂದೇ ತಡೆಯಲಾರದೆಂಬುದಕ್ಕೆ ಇವು ಸಾಕ್ಷಿ.

ದೇಶದ ಅತ್ಯುನ್ನತ ಪದವಿಯಾದ ರಾಷ್ಟ್ರಪತಿ ಸ್ಥಾನದ ಚುನಾವಣೆಯೂ ಇದೇ ದಾರಿಯಲ್ಲಿ ನಡೆದುಬಂದಿದೆ. ರಾಷ್ಟ್ರಪತಿಗೆ ಜನರು ನೇರವಾಗಿ ಮತ ನೀಡುವುದಿಲ್ಲ. ಗೋಕಾಕ, ಅರಭಾವಿ, ಹುಕ್ಕೇರಿ ಕ್ಷೇತ್ರಗಳ ಪರವಾಗಿ ಅಲ್ಲಿನ ಶಾಸಕರು ಮತ ನೀಡುತ್ತಾರೆ. ಕರ್ನಾಟಕದ ಪ್ರತಿಯೊಬ್ಬ ಶಾಸಕರ ಮತಕ್ಕೆ 131ರ ಮೌಲ್ಯವಿದೆ. ಸಂಸತ್ತಿನ ಚುನಾಯಿತ ಸದಸ್ಯರೂ ಮತದಾರರೇ. 1952ರ ಕಾಯಿದೆಯ ಪ್ರಕಾರ ಈ ಸ್ಥಾನಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಸಾಕಾಗಿತ್ತು, ಠೇವಣಿಯೇ ಇರಲಿಲ್ಲ. 1967ರಲ್ಲಿ 17 ಮಂದಿ ನಿಂತರು. ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ.

ಆದರೆ ಪಕ್ಷೇತರನೆಂದರೆ ಸೋಲುವವನೇ ಎಂಬ ಎಣಿಕೆಯನ್ನು 1969ರ ಚುನಾವಣೆಯು ಸುಳ್ಳಾಗಿಸಿತು. ಕಾಂಗ್ರೆಸ್ ಪಕ್ಷವು ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ತನ್ನ ಉಮೇದುವಾರರನ್ನಾಗಿ ಗೊತ್ತುಮಾಡಿತು. ಹಂಗಾಮಿ ರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರು ರಾಜೀನಾಮೆಯಿತ್ತು ಪಕ್ಷೇತರರಾಗಿ ನಿಂತರು. ಮೊದಲ ಸುತ್ತಿನ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೂಡಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮೌಲ್ಯದ ಮತಗಳು ಬಂದವು. ಪಕ್ಷೇತರರಾಗಿ ನಿಂತವರೊಬ್ಬರು ರಾಷ್ಟ್ರದ ಮೊದಲ ಪ್ರಜೆಯಾದರು.

1974ರಲ್ಲಿ ಈ ಕಾಯಿದೆಯೂ ಬಿಗಿಯಾಯಿತು. ಹತ್ತು ಮಂದಿ ಸೂಚಕರು, ಹತ್ತು ಮಂದಿ ಅನುಮೋದಕರು, 2,500 ರೂಪಾಯಿ ಠೇವಣಿ ಎಂಬ ನಿಯಮ ಬಂತು. 1977ರಲ್ಲಿ 37 ಮಂದಿ ನಾಮಪತ್ರ ಸಲ್ಲಿಸಿದರು. 36 ಮಂದಿಯ ನಾಮಪತ್ರಗಳು ತಿರಸ್ಕೃತವಾದವು. ಉಳಿದವರು ಎಂಟು ವರ್ಷಗಳ ಹಿಂದೆ ಸೋತಿದ್ದ ಸಂಜೀವ ರೆಡ್ಡಿಯವರೊಬ್ಬರೇ. ಅವರು ಅವಿರೋಧವಾಗಿ ಆರಿಸಿಬಂದರು. ಅವರಿಗೆ ಅಧಿಕಾರವನ್ನು ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿಗಳು ಜಮಖಂಡಿ ನಾಡಿನ ಬಿ. ಡಿ. ಜತ್ತಿಯವರೆಂಬುದನ್ನು ಈ ಭಾಗದ ಜನರು ಅಭಿಮಾನದಿಂದ ನೆನೆಯುತ್ತಾರೆ. 1997ರಿಂದ ಸೂಚಕರು 50, ಅನುಮೋದಕರು 50, ಠೇವಣಿ 15,000 ರೂಪಾಯಿ ಆಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಧ್ಯಕ್ಷ ಪದವಿಗೆ ಪಕ್ಷೇತರನಾಗಿ ನಿಲ್ಲುವವನ ಪಾಡು ಇದಕ್ಕಿಂತ ಕಠಿನ. ಭಾರತದಲ್ಲಿ ಇಡೀ ದೇಶಕ್ಕೆ ಒಂದೇ ಕಾಯಿದೆ. ಅಲ್ಲಿ 50 ರಾಜ್ಯಗಳಿಗೆ 50 ಬಗೆಯ ಕಾಯಿದೆಗಳು. ಪ್ರತಿ ರಾಜ್ಯದ ಮತಪತ್ರದಲ್ಲಿಯೂ ಬೇರೆಬೇರೆಯಾಗಿ ಸ್ಥಾನ ಗಳಿಸಬೇಕು. ಟೆನೆಸ್ಸಿ ರಾಜ್ಯದಲ್ಲಿ 275 ಮತದಾರರ ರುಜು ಸಾಕು. ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತ ಮತದಾರರ ನೂರರಲ್ಲಿ ಒಂದು ಪಾಲು, ಅಂದರೆ 2024ರಲ್ಲಿ 2,19,000ಕ್ಕೂ ಹೆಚ್ಚು ರುಜುಗಳು ಬೇಕಾಗಿದ್ದವು. ಟೆಕ್ಸಾಸಿನಲ್ಲಿ 2024ರಲ್ಲಿ 1,13,000ಕ್ಕೂ ಹೆಚ್ಚು ಬೇಕಾಗಿದ್ದವು. ಪಕ್ಷಗಳ ಪ್ರಾಥಮಿಕ ಚುನಾವಣೆಯಲ್ಲಿ ಮತ ನೀಡಿದವರು ಅಲ್ಲಿ ರುಜು ಹಾಕುವಂತಿಲ್ಲ. ಲೂಯಿಸಿಯಾನದಲ್ಲಿ 500 ಡಾಲರ್ ಶುಲ್ಕ ಕಟ್ಟಿದರೆ ರುಜುಗಳ ಗೊಡವೆಯೇ ಇಲ್ಲ.

1980ರಲ್ಲಿ ಪಕ್ಷೇತರರಾಗಿ ನಿಂತ ಜಾನ್ ಆಂಡರ್ಸನ್ ಅವರಿಗೆ ಒಹಾಯೊ ರಾಜ್ಯದಲ್ಲಿ ಅಡ್ಡಿ ಎದುರಾಯಿತು. ನವೆಂಬರಿನ ಚುನಾವಣೆಗೆ ಮಾರ್ಚಿಯಲ್ಲಿಯೇ ಅರ್ಜಿ ಕೊಡಬೇಕೆಂಬ ನಿಯಮ ಅಲ್ಲಿತ್ತು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ನಿಯಮವು ಉಮೇದುವಾರನ ಹಕ್ಕಿಗಷ್ಟೇ ಅಲ್ಲ, ಅವನಿಗೆ ಮತ ನೀಡಬಯಸುವವರ ಹಕ್ಕಿಗೂ ಧಕ್ಕೆ ತರುತ್ತದೆಂದು ನ್ಯಾಯಾಲಯವು 1983ರಲ್ಲಿ ತೀರ್ಪು ಕೊಟ್ಟಿತು. 1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತ ಉದ್ಯಮಿಯು 50 ರಾಜ್ಯಗಳ ಮತಪತ್ರಗಳಲ್ಲಿಯೂ ಸ್ಥಾನ ಪಡೆದರು. ನೂರಕ್ಕೆ ಸುಮಾರು 19ರಷ್ಟು ಜನರು ಅವರಿಗೆ ಮತ ಕೊಟ್ಟರು. ಯಾವ ರಾಜ್ಯದಲ್ಲಿಯೂ ಅವರು ಮೊದಲಿಗರಾಗದ ಕಾರಣ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳ ಮತಗಳಲ್ಲಿ ಒಂದೂ ಅವರಿಗೆ ದಕ್ಕಲಿಲ್ಲ. ಲಕ್ಷಗಟ್ಟಲೆ ರುಜುಗಳನ್ನು ಕೂಡಿಸಲು ಅಲ್ಲಿ ಕೂಲಿ ಕೊಟ್ಟು ಜನರನ್ನು ನೇಮಿಸುವ ರೂಢಿಯಿದೆ. ರುಜುಗಳ ಸಂಖ್ಯೆಯು ಮಿತಿಮೀರಿದಾಗ ಅದು ಕೂಡ ಹಣದ ಪರೀಕ್ಷೆಯಾಗಿ ಮಾರ್ಪಡುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಹೀಗೆ ಎಲ್ಲೆಡೆಯೂ ಪಕ್ಷೇತರನ ಮುಂದೆ ಎರಡು ಜರಡಿಗಳಿವೆ. ಒಂದು ಹಣದ್ದು, ಇನ್ನೊಂದು ರುಜುಗಳದ್ದು. 25,000 ರೂಪಾಯಿಯು ಧನಿಕನಿಗೆ ಲೆಕ್ಕಕ್ಕಿಲ್ಲ; ಕೂಲಿಕಾರನಿಗೆ ಅದು ತಿಂಗಳುಗಟ್ಟಲೆಯ ದುಡಿಮೆ. ಯೋಗ್ಯನಾದ ಬಡವನನ್ನು ಹೊರಗೆ ನಿಲ್ಲಿಸಿ, ಹುಡುಗಾಟಕ್ಕೆ ಬಂದ ಹಣವಂತನನ್ನು ಒಳಗೆ ಬಿಡುವ ಜರಡಿಯು ಒಳ್ಳೆಯ ಜರಡಿಯಲ್ಲ. ಹತ್ತು ರುಜುಗಳ ರೀತಿ ಬೇರೆ. ನೆರೆಹೊರೆಯವರು ತಮ್ಮ ಹೆಸರನ್ನು ಒತ್ತೆಯಿಟ್ಟು 'ಈತನು ನಮಗೆ ಬೇಕಾದವನು' ಎಂದು ಹೇಳಬೇಕು. ಅದನ್ನು ಗಳಿಸಲು ಹಣ ಬೇಕಿಲ್ಲ, ನಡತೆ ಬೇಕು. ಠೇವಣಿಯು ಕಿಸೆಯನ್ನು ಅಳೆಯುತ್ತದೆ; ರುಜುವು ನಂಬಿಕೆಯನ್ನು ಅಳೆಯುತ್ತದೆ.

ಪಕ್ಷೇತರರು ಚುನಾವಣೆಗೆ ನಿಲ್ಲುವುದನ್ನೇ ನಿಷೇಧಿಸಬೇಕೆಂದು ಕಾನೂನು ಆಯೋಗವು 2015ರ ತನ್ನ ವರದಿಯಲ್ಲಿ ಶಿಫಾರಸು ಮಾಡಿತು. ಅವರಲ್ಲಿ ಬಹುಮಂದಿ ಗೆಲ್ಲುವ ಉದ್ದೇಶವಿಲ್ಲದವರು, ಮತ ಒಡೆಯಲೆಂದು ಇತರರು ನಿಲ್ಲಿಸಿದವರೂ ಅವರಲ್ಲಿ ಇದ್ದಾರೆ ಎಂಬ ಆಕ್ಷೇಪಗಳು ನಿರಾಧಾರವಾದವುಗಳಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ವಿವೇಕವಲ್ಲ. ಊರಿನ ಪಕ್ಷಗಳೆಲ್ಲ ಒಂದು ಅನ್ಯಾಯದ ವಿಷಯದಲ್ಲಿ ಮೌನ ತಾಳಿದ ದಿನ, ಆ ಮೌನವನ್ನು ಮುರಿಯಲು ಒಬ್ಬ ಮನುಷ್ಯನಿಗೆ ದಾರಿ ಇರಬೇಕು. ಆ ದಾರಿಯಲ್ಲಿ ನಡೆಯುವವನು ವರ್ಷಕ್ಕೊಬ್ಬನೇ ಆಗಿರಲಿ, ದಾರಿಯು ಇದೆಯೆಂಬ ಅರಿವೇ ಪಕ್ಷಗಳನ್ನು ಎಚ್ಚರದಲ್ಲಿಡುತ್ತದೆ. ಬಾಗಿಲನ್ನು ಮುಚ್ಚುವುದಕ್ಕಿಂತ ಜರಡಿಯನ್ನು ಸರಿಪಡಿಸುವುದು ಮೇಲು.

ಉಮೇದುವಾರನಾಗಲು 25 ವರ್ಷ ತುಂಬಬೇಕು. ಮತದಾರನಾಗಲು 18 ತುಂಬಿದರೆ ಸಾಕು. ಮತದಾರನಾದವನು ಸೂಚಕನೂ ಆಗಬಹುದು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರೌಢಶಾಲೆಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳ ಮನೆಯಂಗಳಕ್ಕೆ ಕೆಲವೇ ವರ್ಷಗಳಲ್ಲಿ ಯಾರಾದರೂ ಒಬ್ಬರು ನಾಮಪತ್ರವನ್ನು ಹಿಡಿದು ಬರಬಹುದು. ಆಗ ಸ್ನೇಹಕ್ಕೆ ಕಟ್ಟುಬಿದ್ದು, ಜಾತಿಯನ್ನು ನೋಡಿ, ಹಣಕ್ಕೆ ಆಸೆಪಟ್ಟು ರುಜು ಹಾಕಿದರೆ ಆ ರುಜುವಿಗೆ ಬೆಲೆಯಿರದು. ಬಂದವನ ಬದುಕನ್ನು ನೋಡಿ, ಅವನ ಮಾತನ್ನು ತೂಗಿ, ಒಪ್ಪಿಗೆಯಾದರೆ ಹಾಕಿದ ರುಜುವು ಪ್ರಜಾಪ್ರಭುತ್ವದ ತಳಪಾಯದ ಒಂದು ಕಲ್ಲಾಗುತ್ತದೆ. ಹತ್ತು ರುಜುಗಳ ಬೆಲೆಯು ಆ ಹತ್ತು ಮಂದಿಯ ವಿವೇಕವನ್ನು ಅವಲಂಬಿಸಿದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಕ್ಷೇತರ ಉಮೇದುವಾರನಿಗೆ ಎಷ್ಟು ಮಂದಿ ಸೂಚಕರು ಬೇಕು?
2. ಠೇವಣಿಯು ಮರಳಿ ಬರಬೇಕಾದರೆ ಎಷ್ಟು ಮತಗಳು ದೊರೆತಿರಬೇಕು?
3. 1969ರಲ್ಲಿ ಪಕ್ಷೇತರರಾಗಿ ನಿಂತು ರಾಷ್ಟ್ರಪತಿಗಳಾದವರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. 1996ರಲ್ಲಿ ಬೆಳಗಾವಿಯಲ್ಲಿ ನಡೆದುದೇನು? ಅದರಿಂದ ಕಾಯಿದೆಯಲ್ಲಿ ಆದ ಬದಲಾವಣೆಗಳಾವುವು?
2. ಅಣೆಕಟ್ಟಿನ ಬಾಗಿಲುಗಳ ಹೋಲಿಕೆಯಿಂದ ಲೇಖಕರು ಏನನ್ನು ತಿಳಿಸುತ್ತಾರೆ?
3. 'ಠೇವಣಿಯು ಕಿಸೆಯನ್ನು ಅಳೆಯುತ್ತದೆ. ರುಜುವು ನಂಬಿಕೆಯನ್ನು ಅಳೆಯುತ್ತದೆ.' ಈ ಮಾತನ್ನು ವಿವರಿಸಿರಿ.

ಇ. ಪಕ್ಷೇತರರು ಚುನಾವಣೆಗೆ ನಿಲ್ಲುವುದನ್ನು ನಿಷೇಧಿಸಬೇಕೆ? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿ, ಚರ್ಚೆಯ ಸಾರಾಂಶವನ್ನು ಬರೆಯಿರಿ.